ಮೂರು ಸಿಡಿ ಪ್ಲೇಯರ್, ಎರಡು ತಂಬೂರಿ

ನಮ್ಮ ಮನೆಯ ತಂಬೂರಿ ಮಿರಜಿನದು, ತಂಬೂರಿಗೆ ಹೆಸರಾದ ಮಹಾರಾಷ್ಟ್ರದ ಊರು. 1978ರಲ್ಲಿ ಮೌಶಿ (ಅವ್ವನ ಸೋದರಿ) ತಾವೇ ಅಲ್ಲಿಗೆ ಹೋಗಿ, ಎರಡು ದಿನ ಉಳಿದು, ಹತ್ತಾರು ಬುರುಡೆ ಬಡಿದು ನೋಡಿ ತಂದದ್ದು. ಅವರು ಹಾಡುತ್ತಿದ್ದರು. ನಾನು ಹಿಂದೆ ಕೂತು ತಂಬೂರಿ ಮೀಟುತ್ತಿದ್ದೆ. ಹನ್ನೆರಡನೇ ವಯಸ್ಸಿನಿಂದ ಶುರುವಾದದ್ದು ಇಪ್ಪತ್ತೆರಡು ವರ್ಷ ನಡೆಯಿತು. ಧಾರವಾಡದ ಸಣ್ಣ ಬೈಠಕ್‌ಗಳು, ಗಣೇಶ ಚೌತಿಯ ಪೆಂಡಾಲು, ಯಾರದೋ ಮನೆಯ ಪಡಸಾಲೆ. ತಂಬೂರಿಯವರ ಕಡೆ ಯಾರೂ ಅಷ್ಟಾಗಿ ನೋಡುವುದಿಲ್ಲ. ಆದರೆ ಎರಡೆರಡು ತಾಸು ಆ ನಾಲ್ಕು ತಂತಿಗೆ ಕಿವಿ ಕೊಟ್ಟು ಕೂತರೆ ಕಿವಿ ಪಳಗುತ್ತದೆ. ತಂತಿ ಕೂದಲೆಳೆಯಷ್ಟು ಇಳಿದರೂ ಗೊತ್ತಾಗುತ್ತದೆ. ತಂತಿಯ ಝೇಂಕಾರ, ಅಂದರೆ ಜವಾರಿ, ಚೂರು ಮಂಕಾದರೂ ಗೊತ್ತಾಗುತ್ತದೆ.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣ ಇದೆ. ಕೈಯಲ್ಲಿ ಹಿಡಿದುಕೊಂಡು ಹೋಗುವ ಸಿಡಿ ಪ್ಲೇಯರ್‌ಗಳಲ್ಲಿ ಯಾವುದರ ದನಿ ಚೆನ್ನ ಎಂದು ಬರೆಯುವವರು ಸಾಮಾನ್ಯವಾಗಿ ಡ್ರಮ್ಮು, ಗಿಟಾರು ಕೇಳಿ ಬರೆಯುತ್ತಾರೆ. ನನಗೆ ಆ ಸಂಗೀತ ಅಷ್ಟು ಗೊತ್ತಿಲ್ಲ. ನನಗೆ ಗೊತ್ತಿರುವುದು ತಂಬೂರಿ. ಪ್ಲೇಯರ್ ಪರೀಕ್ಷೆಗೆ ಅದಕ್ಕಿಂತ ಕಟ್ಟುನಿಟ್ಟಿನ ವಾದ್ಯ ನನಗೆ ಸಿಕ್ಕಿಲ್ಲ. ಅದು ನಿಲ್ಲುವುದೇ ಇಲ್ಲ ಅಲ್ವಾ? ಹಾಡಿನಲ್ಲಿ ತಪ್ಪು ಬಂದರೆ ಮುಂದಿನ ಸಾಲಿನಲ್ಲಿ ಮುಚ್ಚಿಹೋಗುತ್ತದೆ. ತಂಬೂರಿಯಲ್ಲಿ ಮುಚ್ಚಲು ಜಾಗವೇ ಇಲ್ಲ.

ಕಳೆದ ಬೇಸಿಗೆ ರಜೆಗೆ ಮಗ ಬೆಂಗಳೂರಿನಿಂದ ಬಂದಾಗ ಇಬ್ಬರೂ ಸೇರಿ ಒಂದು ಸಿಡಿ ಮಾಡಿದೆವು. ಮೊದಲನೇ ಟ್ರ್ಯಾಕು ನಮ್ಮ ತಂಬೂರಿ, ಕಾಳಿ ನಾಲ್ಕಕ್ಕೆ (ಹಾರ್ಮೋನಿಯಂನ ನಾಲ್ಕನೇ ಕರಿ ಮನೆಯ ಸ್ವರಕ್ಕೆ) ಶ್ರುತಿ ಮಾಡಿದ್ದು. ಎರಡನೆಯದು ಪಕ್ಕದ ಓಣಿಯ ತಬಲಾ ಮಾಸ್ತರರಿಂದ ಕೇಳಿ ತಂದ ದೊಡ್ಡ ಗಂಡು ತಂಬೂರಿ, ಕಾಳಿ ಒಂದರದು. ಅದರ ಖರ್ಜದ, ಅಂದರೆ ಎಲ್ಲಕ್ಕಿಂತ ಕೆಳಗಿನ ಷಡ್ಜದ, ತಂತಿ ಸುಮಾರು 69 ಹರ್ಟ್ಜ್‌ಗೆ ಮಿಡಿಯುತ್ತದೆ. ಮೀಟಿದರೆ ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ಮೂರನೇ ಟ್ರ್ಯಾಕು ಬರೀ 400 ಹರ್ಟ್ಜ್‌ನ ಕುಂಯ್ ಎನ್ನುವ ಒಂದೇ ದನಿ. ಅದು ಯಾಕೆ ಅಂತ ಆಮೇಲೆ ಹೇಳುತ್ತೇನೆ. ಧ್ವನಿಮುದ್ರಣ ಮಾಡಿದ ಕೋಣೆಯಲ್ಲೇ, ಅದೇ ತಂಬೂರಿ ಗೋಡೆಗೆ ಒರಗಿರುವಾಗಲೇ ಕೇಳಿದೆವು. ಸಂಶಯ ಬಂದರೆ ಎದ್ದು ಮೀಟಿ ನೋಡಿದರಾಯಿತು.

ಪ್ಲೇಯರ್ ಮೂರು. ಕರಿಯದು 1995ರಲ್ಲಿ ಕಾಕಾ ಮಸ್ಕತ್‌ನಿಂದ ತಂದುಕೊಟ್ಟದ್ದು. ಕೈ ತಾಗಿದರೆ ಹಾಡು ಹಾರುವಂಥದು, ಕುಲುಕಾಟ ತಡೆಯುವ ವ್ಯವಸ್ಥೆ ಯಾವುದೂ ಇಲ್ಲ. ಬಿಳಿಯದು 2000ದ ಆಸುಪಾಸಿನದು, ತೆಳ್ಳಗೆ, ಬೆಳ್ಳಿ ಬಣ್ಣ, ಬೆಂಗಳೂರಿನ ಹಳೇ ಸಾಮಾನಿನ ಸಂತೆಯಲ್ಲಿ ಮಗನಿಗೆ 400 ರೂಪಾಯಿಗೆ ಸಿಕ್ಕಿದ್ದು. ಇವೆರಡರ ಕಂಪನಿ ಹೆಸರು ಬರೆಯುವುದಿಲ್ಲ. ಇಷ್ಟು ವಯಸ್ಸಾದ ಸೆಟ್ಟುಗಳ ಆರೋಗ್ಯ ಒಂದೊಂದರದು ಒಂದೊಂದು ಥರ ಇರುತ್ತದೆ. ನನ್ನ ಸೆಟ್ಟಿನ ಮುಪ್ಪನ್ನು ಕಂಪನಿಯ ತಲೆಗೆ ಕಟ್ಟುವುದು ನ್ಯಾಯ ಅಲ್ಲ. ಮೂರನೆಯದು ಮಗನ ಹೊಸ ಫಿಯೋ ಡಿಎಂ13, 2024ರಲ್ಲಿ ಬಂದದ್ದು. ಒಳಗೆ ಸಿಎಸ್43198 ಎಂಬ ಡ್ಯಾಕ್ ಚಿಪ್ (ಸಿಡಿಯ ಅಂಕಿಗಳನ್ನು ದನಿಯಾಗಿಸುವ ಚಿಪ್) ಎರಡಿವೆ. ಸಿಡಿಯ ಕಾಲ ಮುಗಿಯಿತು ಎಂದು ಎಲ್ಲರೂ ಹೇಳುತ್ತಿರುವಾಗ ಇಂಥದನ್ನು ಹೊಸದಾಗಿ ಮಾಡುತ್ತಿದ್ದಾರೆ ಎನ್ನುವುದೇ ನನಗೆ ಖುಷಿ.

ಹೆಡ್‌ಫೋನ್ ಎರಡು. ನನ್ನದು ಕಾಸ್ ಪೋರ್ಟಾ ಪ್ರೊ, 60 ಓಮ್‌ನದು. ಮಗನದು ಕಿವಿಯೊಳಗೆ ತುರುಕುವ ಸಣ್ಣದು, 16 ಓಮ್. ಈ ಓಮ್, ಅಂದರೆ ಹೆಡ್‌ಫೋನ್ ವಿದ್ಯುತ್ತಿಗೆ ಒಡ್ಡುವ ತಡೆಯ ಲೆಕ್ಕವನ್ನು ನಾನು ಮೊದಲು ತಲೆಗೆ ಹಾಕಿಕೊಂಡಿರಲಿಲ್ಲ. ಆಮೇಲೆ ಅದೇ ದೊಡ್ಡ ವಿಷಯ ಆಯಿತು.

ಮೊದಲ ದಿನ ಸುಮ್ನೆ ಒಂದಾದ ಮೇಲೆ ಒಂದು ಕೇಳಿದೆ. ಬಿಳಿಯದು ಎಷ್ಟು ಚೆನ್ನಾಗಿದೆ ಅನ್ನಿಸಿತು! ದನಿ ಮುಂದೆ ಬರುತ್ತದೆ, ತುಂಬಿಕೊಂಡಿದೆ. ಕರಿಯದು ಸ್ವಲ್ಪ ಸಪ್ಪೆ. ಹಾಗಂತ ಹೇಳಿದ್ದಕ್ಕೆ ಮಗ ಮಲ್ಟಿಮೀಟರ್ ತಂದ. ಹೆಡ್‌ಫೋನ್ ಸಿಕ್ಕಿಸಿಯೇ ಇಟ್ಟು, ಮೂರನೇ ಟ್ರ್ಯಾಕಿನ ಆ ಕುಂಯ್ ದನಿ ಹಚ್ಚಿ, ಹೊರಬರುವ ವೋಲ್ಟೇಜ್ ಅಳೆದ. ಕರಿಯದರಲ್ಲಿ 100 ಮಿಲಿವೋಲ್ಟ್, ಬಿಳಿಯದರಲ್ಲಿ 126. ಅಂದರೆ ಬಿಳಿಯದು 2 ಡೆಸಿಬೆಲ್ ಜೋರಾಗಿತ್ತು, ಅಷ್ಟೇ. ಇಷ್ಟು ಸಣ್ಣ ವ್ಯತ್ಯಾಸ ಕಿವಿಗೆ "ಜೋರು" ಅಂತ ಕೇಳಿಸುವುದಿಲ್ಲ, "ಚೆನ್ನ" ಅಂತ ಕೇಳಿಸುತ್ತದೆ. ಇಪ್ಪತ್ತೆರಡು ವರ್ಷ ಪಳಗಿದ ಕಿವಿಗೂ ಹಾಗೇ ಕೇಳಿಸಿತು. ಅಲ್ಲಿಂದ ಮುಂದೆ ಪ್ರತಿ ಸಲವೂ ಅದೇ ದನಿ ಹಚ್ಚಿ, ಮೂರನ್ನೂ 100 ಮಿಲಿವೋಲ್ಟ್‌ಗೆ ತಂದು, ಆಮೇಲೆ ಕೇಳಿದೆವು. ನೀವು ಮನೆಯಲ್ಲಿ ಹೋಲಿಸಿ ನೋಡುವುದಾದರೆ ಬೇರೇನು ಬಿಟ್ಟರೂ ಇದೊಂದನ್ನು ಬಿಡಬೇಡಿ.

ಎರಡನೇ ದಿನ ಊಟ ಆದಮೇಲೆ ಬೀದಿಯ ಸದ್ದು ಅಡಗಿತ್ತು. ನಾನು ಗೋಡೆಯ ಕಡೆ ಮುಖ ಮಾಡಿ ಕೂತೆ. ಮಗ ಹಿಂದೆ ಟವೆಲ್ ಕೆಳಗೆ ಪ್ಲೇಯರ್ ಇಟ್ಟುಕೊಂಡು ನಾಣ್ಯ ಚಿಮ್ಮಿ, ಬಿದ್ದದ್ದರ ಪ್ರಕಾರ ಹಚ್ಚುತ್ತಿದ್ದ. "ಅವ್ವಾ, ಇದು ಯಾವುದು ಹೇಳು ನೋಡೋಣು." ನಾನು ಹೇಳಬೇಕು, ಅವನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಒಂದೊಂದು ಜೋಡಿಗೆ ಹತ್ತು ಸಲ.

ಬಿಳಿಯದರ ಪಕ್ಕದಲ್ಲಿ ಒಂದು ಸಣ್ಣ ಸ್ವಿಚ್ ಇದೆ, 1 ಮತ್ತು 2 ಎಂದು. ಕುಲುಕಾಟದಿಂದ ಹಾಡು ಹಾರದಂತೆ ತಡೆಯುವುದಕ್ಕೆ. 2ಕ್ಕೆ ಇಟ್ಟರೆ ಜಾಸ್ತಿ ರಕ್ಷಣೆ, 40 ಸೆಕೆಂಡ್. 1ಕ್ಕೆ ಇಟ್ಟರೆ ಬರೀ 10 ಸೆಕೆಂಡ್. 2ರಲ್ಲಿ ಇಟ್ಟಾಗ ನಮ್ಮ ತಂಬೂರಿಯ ಜವಾರಿಯಲ್ಲಿ ಏನೋ ಸೇರಿಕೊಂಡಿತ್ತು. ಜವಾರಿ ಅಂದರೆ ಗೊತ್ತಲ್ಲ, ಕುದುರೆಯ (ತಂತಿಗಳು ಒರಗುವ ಪಟ್ಟಿಯ) ಮೇಲೆ ತಂತಿಯ ಕೆಳಗೆ ಹತ್ತಿಯ ದಾರ ಸರಿಸಿ ಬರಿಸುವ ಆ ಝೇಂಕಾರ. ತಂತಿ ಮೀಟಿದ ಮೇಲೆ ಅದು ನಿಧಾನವಾಗಿ ಅರಳುತ್ತದೆ, ಮೇಲಿನ ಸ್ವರಗಳು ಒಂದೊಂದಾಗಿ ಬೆಳಗಿ ಇಳಿಯುತ್ತವೆ. ಇಲ್ಲಿ ಆ ಅರಳುವಿಕೆಯ ಜೊತೆಗೇ ಸಣ್ಣ ಮರಳು ಉಜ್ಜಿದ ಹಾಗೆ ಒಂದು ಸದ್ದು. ತಂತಿ ಜೋರಾದಾಗ ಮರಳೂ ಜೋರು, ತಂತಿ ಇಳಿದಾಗ ಅದೂ ಇಳಿಯುತ್ತದೆ. ಹತ್ತಕ್ಕೆ ಹತ್ತೂ ಸಲ ಸರಿಯಾಗಿ ಹೇಳಿದೆ. ಎದ್ದು ಹೋಗಿ ನಿಜವಾದ ತಂಬೂರಿ ಮೀಟಿ ನೋಡಿದೆ. ಅಲ್ಲಿ ಮರಳಿಲ್ಲ.

ಅದರ ಲೆಕ್ಕ ಮಗ ಹಾಳೆಯ ಮೇಲೆ ಬರೆದು ತೋರಿಸಿದ. ಸಿಡಿಯಲ್ಲಿ ಸೆಕೆಂಡಿಗೆ 44,100 ಸಲ ದನಿಯನ್ನು ಅಳೆದು ಇಟ್ಟಿರುತ್ತಾರೆ, ಪ್ರತಿ ಅಳತೆಗೂ 16 ಬಿಟ್, ಎಡ ಬಲ ಎರಡೂ ಸೇರಿದರೆ ಸೆಕೆಂಡಿಗೆ 14 ಲಕ್ಷಕ್ಕೂ ಜಾಸ್ತಿ ಬಿಟ್. ಕುಲುಕಿದಾಗ ಹಾಡು ನಿಲ್ಲಬಾರದು ಅಂದರೆ ಪ್ಲೇಯರ್ ಮುಂಚೆಯೇ ಓದಿ ಒಂದು ಮೆಮೊರಿಯಲ್ಲಿ ತುಂಬಿಟ್ಟುಕೊಳ್ಳಬೇಕು. 16 ಮೆಗಾಬಿಟ್‌ನ ಮೆಮೊರಿ ಚಿಪ್‌ನಲ್ಲಿ ಹಿಡಿಯುವುದು ಹೆಚ್ಚೆಂದರೆ 12 ಸೆಕೆಂಡಿನ ಸಂಗೀತ. ಅದೇ ಚಿಪ್‌ನಲ್ಲಿ 40 ಸೆಕೆಂಡ್ ತುಂಬಬೇಕೆಂದರೆ? ನಾಲ್ಕು ಪಾಲನ್ನು ಒಂದು ಪಾಲಿಗೆ ಒತ್ತಿ ತುಂಬಬೇಕು. ಒತ್ತಿದಾಗ ಪೂರ್ತಿ ಹಾಗೇ ವಾಪಸ್ ಬರುವುದಿಲ್ಲ. ಆ ಮರಳು ಅದೇ. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ ಆ 40 ಸೆಕೆಂಡಿಗೆ ನಾವು ಕೊಟ್ಟ ಬೆಲೆ ಅದು.

ಸ್ವಿಚ್ಚನ್ನು 1ಕ್ಕೆ ತಂದ ಕೂಡಲೇ ಮರಳು ಹೋಯಿತು. ಆಗ ಕರಿಯದಕ್ಕೂ ಬಿಳಿಯದಕ್ಕೂ ನಡುವೆ ಹತ್ತರಲ್ಲಿ ಆರು ಸಲ ಸರಿ ಹೇಳಿದೆ. ಆರು ಅಂದರೆ ಊಹೆ ಮಾಡಿದರೂ ಬರುತ್ತದೆ. ಫಿಯೋ ಜೊತೆ ಕರಿಯದನ್ನು ಇಟ್ಟಾಗ ಐದು. ನನ್ನ 60 ಓಮ್ ಹೆಡ್‌ಫೋನಿನಲ್ಲಿ, ದನಿ ಸಮ ಮಾಡಿ, ಮೆಮೊರಿಯ ಒತ್ತಾಟ ಇಲ್ಲದೆ ಕೇಳಿದರೆ ಸುಮಾರು ಮೂವತ್ತು ವರ್ಷದ ಅಂತರ ನನ್ನ ಕಿವಿಗೆ ಸಿಗಲಿಲ್ಲ. ನನಗೆ ಬೇಜಾರಾಗಲಿಲ್ಲ, ಬದಲಿಗೆ ಬಹಳ ಹೊತ್ತು ಕರಿಯದನ್ನೇ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ. ಸೋನಿಯವರು ಮೊದಲ ಕೈ ಸಿಡಿ ಪ್ಲೇಯರ್ ಡಿ-50 ತಂದದ್ದು 1984ರಲ್ಲಿ. ಸಿಡಿಯೇ ಮಾರುಕಟ್ಟೆಗೆ ಬಂದು ಆಗಿನ್ನೂ ಎರಡು ವರ್ಷ. ಮನೆಯಲ್ಲಿ ಕದಲದೆ ಕೂರುವ ಯಂತ್ರವನ್ನು ನಾಲ್ಕು ಸಿಡಿ ಡಬ್ಬಿ ಪೇರಿಸಿದಷ್ಟು ದಪ್ಪಕ್ಕೆ ಇಳಿಸಬೇಕು ಎಂದು ಹಟ ಹಿಡಿದು ಮಾಡಿದ್ದು. ಒಳಸುತ್ತಿನಲ್ಲಿ ನಿಮಿಷಕ್ಕೆ 500 ಸುತ್ತು, ಹೊರಸುತ್ತಿಗೆ ಬರುವಾಗ 200 ಸುತ್ತು, ಅದರ ಮೇಲೆ ಕಣ್ಣಿಗೆ ಕಾಣದ ಕಿರಣ ದಾರಿ ತಪ್ಪದೆ ಓದಬೇಕು. ಅದೆಲ್ಲ ಮಾಡಿಯೂ ಜವಾರಿಯನ್ನು ಹೀಗೆ ಉಳಿಸಿಕೊಟ್ಟ ಎಂಜಿನಿಯರುಗಳು ದೊಡ್ಡವರು.

ಗೀರು ಬಿದ್ದ ಸಿಡಿಯ ದನಿ ಮಂಕಾಗುತ್ತದೆ ಎಂದು ತುಂಬ ಜನ ನಂಬಿದ್ದಾರೆ. ಹಾಗಿಲ್ಲ. ಸಿಡಿಯಲ್ಲೇ ತಪ್ಪು ತಿದ್ದುವ ಲೆಕ್ಕವನ್ನು ಸೇರಿಸಿರುತ್ತಾರೆ, ಹಾಡಿನ ದಾರಿಯಲ್ಲಿ ಸುಮಾರು ಎರಡೂವರೆ ಮಿಲಿಮೀಟರ್ ಅಳಿಸಿಹೋದರೂ ಪೂರ್ತಿ ಸರಿಮಾಡಿಕೊಳ್ಳುತ್ತದೆ. ಅದಕ್ಕೂ ಮೀರಿದರೆ ಅಕ್ಕಪಕ್ಕದ ಅಳತೆ ನೋಡಿ ಅಂದಾಜಿನಿಂದ ತುಂಬಿಕೊಳ್ಳುತ್ತದೆ. ಅದೂ ಆಗದಿದ್ದರೆ ಟಿಕ್ ಅನ್ನುತ್ತದೆ, ಇಲ್ಲವೇ ಹಾರುತ್ತದೆ.

ಇನ್ನು ಆ ಓಮ್‌ನ ವಿಷಯ. ಮಗನ 16 ಓಮ್ ಹೆಡ್‌ಫೋನ್ ಹಾಕಿಕೊಂಡು ಎರಡನೇ ಟ್ರ್ಯಾಕು, ಅಂದರೆ ಗಂಡು ತಂಬೂರಿ, ಕೇಳಿದಾಗ ಕರಿಯದರಲ್ಲಿ ಖರ್ಜವೇ ಇರಲಿಲ್ಲ. ಪಂಚಮ ಇದೆ, ಜೋಡಿ ತಂತಿ ಇದೆ, ನಾಲ್ಕನೇ ಮೀಟು ಬಂದಾಗ ಬರೀ ತಂತಿಯ ಸಿಪ್ಪೆ. ಒಳಗಿನ ತಿರುಳಿಲ್ಲ. ಅದೇ ಪ್ಲೇಯರಿಗೆ ನನ್ನ ಹೆಡ್‌ಫೋನ್ ಹಾಕಿದರೆ ಖರ್ಜ ವಾಪಸ್! ಮಗನದೇ ಹೆಡ್‌ಫೋನ್ ಫಿಯೋಗೆ ಹಾಕಿದರೆ ಅಲ್ಲೂ ಖರ್ಜ ಇದೆ. ಎರಡು ದಿನ ತಲೆ ಕೆಡಿಸಿಕೊಂಡೆವು.

ಹುಬ್ಬಳ್ಳಿಯಲ್ಲಿ ರೇಡಿಯೊ, ಟೇಪ್ ರಿಪೇರಿ ಮಾಡುವ ಹಿರಿಯರೊಬ್ಬರು ಇದ್ದಾರೆ. ಅವರ ಹತ್ತಿರ ಒಯ್ದೆ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಕೆಳಗಿನ ಮುಚ್ಚಳ ಬಿಚ್ಚಿ, ಹೆಡ್‌ಫೋನ್ ಜ್ಯಾಕಿನ ಪಕ್ಕ ಎರಡು ಪುಟ್ಟ ಡಬ್ಬಿಗಳನ್ನು ಇಕ್ಕಳದ ತುದಿಯಿಂದ ತೋರಿಸಿದರು. ಒಂದರ ಬುಡದಲ್ಲಿ ಹಲಗೆಯ ಮೇಲೆ ಎಣ್ಣೆ ಇಳಿದಂಥ ಕಲೆ. ಎರಡನ್ನೂ ಬಿಚ್ಚಿ ಮೀಟರಿಗೆ ಹಿಡಿದರು.

"ಮೈ ಮ್ಯಾಲೆ 220 ಅಂತ ಬರದೈತಿ. ಈಗ 70 ತೋರಸ್ತೈತಿ ನೋಡ್ರಿ. ಒಣಗ್ಯಾವ್ರಿ ಅಕ್ಕಾರ. ಖರ್ಜ ಎಲ್ಲಿಂದ ಬರಬೇಕು?"

ಅದು ಕ್ಯಾಪಾಸಿಟರ್. ದನಿ ಹೆಡ್‌ಫೋನಿಗೆ ಹೋಗುವ ಮೊದಲು ದಾಟುವ ಕೊನೆಯ ಬಾಗಿಲು. ಅದು ಸಣ್ಣದಾದಷ್ಟೂ ಕೆಳಗಿನ ಸ್ವರ ದಾಟುವುದು ಕಷ್ಟ. ಹೆಡ್‌ಫೋನಿನ ಓಮ್ ಕಡಿಮೆ ಆದಷ್ಟೂ ಇನ್ನೂ ಕಷ್ಟ. ಮನೆಗೆ ಬಂದು ಲೆಕ್ಕ ಹಾಕಿದೆವು. 70 ಮೈಕ್ರೋಫ್ಯಾರಡ್‌ಗೆ 16 ಓಮ್ ಸೇರಿದರೆ ಸುಮಾರು 142 ಹರ್ಟ್ಜ್‌ನಿಂದ ಕೆಳಗೆ ದನಿ ಇಳಿಯುತ್ತ ಹೋಗುತ್ತದೆ. 69ರ ಖರ್ಜ ಉಳಿಯುವುದು ಹೇಗೆ? ಅದೇ 70ಕ್ಕೆ ನನ್ನ 60 ಓಮ್ ಸೇರಿದರೆ ಗಡಿ 38 ಹರ್ಟ್ಜ್‌ಗೆ ಇಳಿಯುತ್ತದೆ, ಖರ್ಜ ಆರಾಮಾಗಿ ದಾಟುತ್ತದೆ. ಅವರು 220ರ ಹೊಸ ಜೋಡಿ ಹಾಕಿ ಕೊಟ್ಟರು. ಈಗ ಸಣ್ಣ ಹೆಡ್‌ಫೋನಿನಲ್ಲೂ ಗಡಿ 45. ಅಂಗಡಿಯಲ್ಲೇ ಸ್ಟೂಲ್ ಮೇಲೆ ಕೂತು ಎರಡನೇ ಟ್ರ್ಯಾಕು ಹಚ್ಚಿದೆ. ನಾಲ್ಕನೇ ತಂತಿ ಬಂತು. ಅವರಿಗೂ ಕೇಳಿಸಿದೆ. ಕಣ್ಣು ಮುಚ್ಚಿಕೊಂಡು ಎರಡು ನಿಮಿಷ ಕೇಳಿ, "ಇದು ಯಾರ ತಂಬೂರಿ?" ಎಂದರು. ಪ್ಲೇಯರ್ ಹೇಗಿದೆ ಎಂದು ಹೇಳಲಿಲ್ಲ. ನನಗೆ ಬೇಕಾದ ಉತ್ತರ ಅದೇ ಆಗಿತ್ತು.

ಹಳೆಯ ಪ್ಲೇಯರ್ ಕೊಳ್ಳುವವರು ಯಾವ ಮಾಡೆಲ್ಲಿನಲ್ಲಿ ಯಾವ ಡ್ಯಾಕ್ ಇದೆ ಎಂದು ಹುಡುಕುವುದನ್ನು ನೋಡಿದ್ದೇನೆ. ಅದಕ್ಕಿಂತ ಮೊದಲು ಕಡಿಮೆ ಓಮ್‌ನ ಹೆಡ್‌ಫೋನ್ ಒಯ್ದು ಕೆಳಗಿನ ಸ್ವರ ಕೇಳಿ. ಆಂಟಿ-ಶಾಕ್ (ಕುಲುಕಾಟ ತಡೆಯುವ ವ್ಯವಸ್ಥೆ) ಆಫ್ ಮಾಡಲು ಬರುತ್ತದಾ ನೋಡಿ. ಕೆಳಗಿನ ಸ್ವರ ಹೆಚ್ಚಿಸುವ ಬಾಸ್ ಬೂಸ್ಟ್ ಬಟನ್ ಆಫ್ ಇದೆಯಾ ನೋಡಿ, ಅದು ಆನ್ ಇದ್ದರೆ ಒಣಗಿದ ಕ್ಯಾಪಾಸಿಟರ್ ಗೊತ್ತೇ ಆಗುವುದಿಲ್ಲ. ಆಮೇಲೆ ಹಾಡಿನ ನಡುವಿನ ಖಾಲಿ ಜಾಗ ಕೇಳಿ.

ಈ ಕೊನೆಯದರಲ್ಲಿ ಫಿಯೋ ಗೆದ್ದಿತು. ಸಣ್ಣ ಹೆಡ್‌ಫೋನ್ ಸೂಕ್ಷ್ಮ. ಅದರಲ್ಲಿ ಕರಿಯದಕ್ಕೆ ತೆಳುವಾದ ಒಂದು ಸುಯ್ ಇದೆ. ಬಿಳಿಯದು ಆಗಾಗ ಸಿಡಿ ಜೋರಾಗಿ ತಿರುಗಿಸಿ ಮೆಮೊರಿ ತುಂಬಿಕೊಳ್ಳುವಾಗ ಮೋಟಾರಿನ ಗುಂಯ್ ಸದ್ದು ದನಿಯೊಳಗೂ ನುಸುಳುತ್ತದೆ. ಫಿಯೋದಲ್ಲಿ ಏನೂ ಇಲ್ಲ. ತಂಬೂರಿ ನಿಂತ ಮೇಲೆ ಕೋಣೆಯ ನಿಶ್ಶಬ್ದ ಮಾತ್ರ. ಎರಡನೇ ಟ್ರ್ಯಾಕಿನ ಕೊನೆಯಲ್ಲಿ, ತಂತಿಗಳನ್ನು ಅಂಗೈಯಿಂದ ಒತ್ತಿ ಹಿಡಿದ ಮೇಲೆ, ನಾನು ಉಸಿರು ಬಿಟ್ಟದ್ದು ಅದರಲ್ಲಿ ಮಾತ್ರ ಕೇಳಿಸುತ್ತದೆ.

ಮಗ ಫಿಯೋ ತೆಗೆದುಕೊಂಡು ಬೆಂಗಳೂರಿಗೆ ಹೋದ. ಬಿಳಿಯದು ಸ್ವಿಚ್ 1ರಲ್ಲಿ ನಿಂತು, ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗುವಾಗ ನನ್ನ ಜೊತೆ ಬರುತ್ತದೆ. ಕರಿಯದು ತಂಬೂರಿಯ ಪಕ್ಕದ ಗೂಡಿನಲ್ಲಿದೆ. ಮೌಶಿಗೆ ಈಗ ಎಂಬತ್ತೊಂದು, ಕೂತು ಹಾಡಲು ಆಗುವುದಿಲ್ಲ. ದಿನಾ ಬೆಳಿಗ್ಗೆ ಚಹಾ ಆದಮೇಲೆ ನನ್ನ ಹೆಡ್‌ಫೋನ್ ಅವರ ಕಿವಿಗೆ ಹಾಕಿ ಮೊದಲನೇ ಟ್ರ್ಯಾಕು ಹಚ್ಚುತ್ತೇನೆ. ಮೊನ್ನೆ ಕೈ ಎತ್ತಿ ನಿಲ್ಲಿಸಲು ಹೇಳಿದರು. "ಎರಡನೇ ತಂತಿ ಇಳದೈತಿ ನೋಡು. ರೆಕಾರ್ಡ್ ಮಾಡೋಮುಂದ ನೋಡಲಿಲ್ಲೇನು?" ಎಂದರು. ಮತ್ತೆ ಮತ್ತೆ ಹಚ್ಚಿ ಕೇಳಿದೆ. ಇಳಿದಿತ್ತು. ಮುಂದಿನ ರಜೆಗೆ ಮಗ ಬಂದಾಗ ಮೊದಲನೇ ಟ್ರ್ಯಾಕು ಮತ್ತೆ ಮಾಡಬೇಕು.