ಹಗಲು ಎಣಿಸದ ಗಿಡ

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಮನೆ ಹಿಂದೆ ಗಾಂಜಾ ಬೆಳೆಯುವವರಿಗೆ ಪೊಲೀಸರ ಭಯವಿಲ್ಲ, ಅಕ್ಟೋಬರ್ ತಿಂಗಳ ಭಯವಿದೆ. ಊರಲ್ಲಿ ಕೂತು ಓದುವವರಿಗೆ ಈ ಮಾತಿನ ಮೊದಲರ್ಧವೇ ನಂಬಲು ಕಷ್ಟ. ಹಾಗಾಗಿ ಕಾನೂನಿನ ವಿಷಯ ಮೊದಲು ಹೇಳಿ ಮುಗಿಸುತ್ತೇನೆ.

ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಗಾಂಜಾ ಕಾನೂನುಬದ್ಧ. ಇಡೀ ದೇಶಕ್ಕೆ ಅನ್ವಯವಾಗುವಂತೆ ಹೀಗೆ ಮೊದಲು ಮಾಡಿದ್ದು ಉರುಗ್ವೆ, 2013ರಲ್ಲಿ, ಕೆನಡಾ ಎರಡನೆಯದು. ಮನೆಯೊಂದಕ್ಕೆ ನಾಲ್ಕು ಗಿಡ ಬೆಳೆಯಬಹುದು. ತಲೆಗೆ ನಾಲ್ಕಲ್ಲ, ಮನೆಗೆ ನಾಲ್ಕು. ಒಂಟಾರಿಯೊದಲ್ಲಿ 19 ವರ್ಷ ತುಂಬಿರಬೇಕು, ಬೀಜವನ್ನು ಪ್ರಾಂತ್ಯ ಸರ್ಕಾರದ ಆನ್‌ಲೈನ್ ಮಳಿಗೆಯಿಂದಲೋ ಪರವಾನಗಿ ಇರುವ ಅಂಗಡಿಯಿಂದಲೋ ಕೊಳ್ಳಬೇಕು. ಬಾಡಿಗೆ ಕರಾರಿನಲ್ಲಿ ಅಥವಾ ಕಾಂಡೊ ಎನ್ನುವ ಅಪಾರ್ಟ್‌ಮೆಂಟಿನ ನಿಯಮದಲ್ಲಿ ಬೇಡ ಎಂದಿದ್ದರೆ ಬೆಳೆಯುವಂತಿಲ್ಲ. ಮನೆಯಿಂದ ಹೊರಗೆ 30 ಗ್ರಾಂ ಒಣ ಹೂವಿಗಿಂತ ಹೆಚ್ಚು ಜೊತೆಯಲ್ಲಿ ಇರಬಾರದು, ಬೆಳೆದದ್ದನ್ನು ಮಾರಬಾರದು. ಪಕ್ಕದ ಕ್ವಿಬೆಕ್ ಪ್ರಾಂತ್ಯವಾದರೋ ಮನೆಯಲ್ಲಿ ಬೆಳೆಯುವುದನ್ನೇ ನಿಷೇಧಿಸಿತು, 2023ರಲ್ಲಿ ಸುಪ್ರೀಂ ಕೋರ್ಟ್ ಆ ನಿಷೇಧವನ್ನು ಎತ್ತಿಹಿಡಿಯಿತು. ಒಟ್ಟಾವಾ ನಗರದಲ್ಲಿ ಹಿತ್ತಲಲ್ಲಿ ಇಡಬಹುದಾದ ಗಿಡವನ್ನು ಹೊಳೆ ದಾಟಿದರೆ ಸಿಗುವ ಗ್ಯಾಟಿನೋದಲ್ಲಿ ಇಡುವಂತಿಲ್ಲ.

ನಾನಿರುವುದು ಟೊರಾಂಟೊ ಪಕ್ಕದ ಮಿಸಿಸಾಗಾದಲ್ಲಿ. ಬೇಲಿಯಾಚೆ ಒಬ್ಬ ಹಿರಿಯರಿದ್ದಾರೆ, ಪೋರ್ಚುಗಲ್‌ನ ಅಸೋರ್ಸ್ ದ್ವೀಪದ ಕಡೆಯವರು, ಕಟ್ಟಡ ಕೆಲಸದಿಂದ ನಿವೃತ್ತರಾದವರು. ಟೊಮೇಟೊ, ದೊಡ್ಡೆಲೆಯ ಕೋಸು, ದ್ರಾಕ್ಷಿ ಚಪ್ಪರ, ಜೊತೆಗೆ ಬೇಸಿಗೆಯಲ್ಲಿ ನಾಲ್ಕು ಗಾಂಜಾ ಗಿಡ. ಅವರು ಮಗಳ ಮನೆಗೆ ಹೋದಾಗ ಇಡೀ ತೋಟಕ್ಕೆ ನೀರು ಹಾಕುವ ಕೆಲಸ ನನ್ನದು. ನಾನು ಸೇದುವವಳಲ್ಲ. ಆದರೆ ಗಿಡಗಳ ವಿಷಯದಲ್ಲಿ ನನಗೆ ಆಸೆ ಜಾಸ್ತಿ, ರೈತರ ಮನೆ ಹುಡುಗಿ. ಪತ್ರಿಕೆಯಲ್ಲಿ "ಮೆಕ್ಕೆಜೋಳದ ನಡುವೆ ಗಾಂಜಾ: ಆರೋಪಿ ಬಂಧನ" ಎಂಬ ಸುದ್ದಿಯಾಗಿ ಮಾತ್ರ ನೋಡಿದ್ದ ಗಿಡವನ್ನು ಟೊಮೇಟೊ ಪಕ್ಕದಲ್ಲಿ ಹತ್ತಿರದಿಂದ ನೋಡುವುದು ಬೇರೆಯೇ ಅನುಭವ. ಅದೂ ಒಂದು ಗಿಡ. ನೀರು ಹೆಚ್ಚಾದರೆ ಎಲೆ ಜೋತುಬೀಳುತ್ತದೆ, ಗೊಬ್ಬರ ಹೆಚ್ಚಾದರೆ ಎಲೆಯ ತುದಿ ಸುಡುತ್ತದೆ.

ಒಮ್ಮೆ ನೀರು ಹಾಕುವಾಗಲೇ ಗುಬ್ಬಿಯಿಂದ ಅಮ್ಮನ ವೀಡಿಯೊ ಕಾಲ್ ಬಂತು.

"ಅದೇನೇ ನಿನ್ ಹಿಂದೆ? ಭಂಗಿ ಗಿಡ ಇದ್ದಂಗೈತೆ."

"ಹೂಂ ಕಣಮ್ಮ, ಪಕ್ಕದ ಮನೆಯೋರ್ದು."

"ಅಯ್ಯೋ, ಪೊಲೀಸ್ನೋರು ಬಂದ್ರೆ? ನೀನ್ಯಾಕೆ ಅಲ್ಲಿ ನಿಂತಿದೀಯ?"

"ಇಲ್ಲಿ ಬೆಳೀಬೌದು ಕಣಮ್ಮ. ಮನೆಗೆ ನಾಲ್ಕು ಗಿಡ, ಕಾನೂನೇ ಐತೆ."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದಿರ್ಲಿ, ನಿನ್ ಅವರೆ ಹೂ ಬಿಡ್ತಾ?" ಅಂದರು.

ಬಿಟ್ಟಿರಲಿಲ್ಲ. ಬೇಲಿ ತುಂಬ ಹಬ್ಬಿತ್ತು, ಎಲೆಗಳು ಅಂಗೈ ಅಗಲ, ಬಳ್ಳಿ ಹಚ್ಚಗೆ ತುಂಬಿಕೊಂಡಿತ್ತು, ಆಗಸ್ಟ್ ಮುಗಿಯುತ್ತ ಬಂದರೂ ಒಂದು ಮೊಗ್ಗಿಲ್ಲ. ಆಚೆ ಬದಿಯ ಗಾಂಜಾ ಗಿಡಗಳಾದರೋ ಜುಲೈಯಲ್ಲೇ ಹೂ ಕಟ್ಟಿ, ಆಗಲೇ ಕೊಯ್ಲಿಗೆ ಬಂದಿದ್ದವು. ನೆಲ ಒಂದೇ, ನೀರು ಒಂದೇ, ಬಿಸಿಲೂ ಒಂದೇ. ಈ ವ್ಯತ್ಯಾಸ ಯಾಕೆ ಎಂದು ಆ ಹಿರಿಯರನ್ನು ಕೇಳಿದೆ, ಆಮೇಲೆ ನಾನೂ ಓದಿ ತಿಳಿದುಕೊಂಡೆ. ಈ ಬರಹ ಇರುವುದೇ ಅದನ್ನು ಹೇಳಲು.

ಅವರೆಯೂ ಮಾಮೂಲಿ ಗಾಂಜಾವೂ ಹಗಲನ್ನು ಅಳೆಯುವ ಗಿಡಗಳು. ಸರಿಯಾಗಿ ಹೇಳಬೇಕೆಂದರೆ ಅಳೆಯುವುದು ರಾತ್ರಿಯನ್ನು. ಕತ್ತಲು ಇಷ್ಟು ಉದ್ದವಾಯಿತು ಎಂದು ಗೊತ್ತಾದಾಗ ಬೆಳವಣಿಗೆ ನಿಲ್ಲಿಸಿ ಹೂವಿಗೆ ತೊಡಗುತ್ತವೆ. ನಮ್ಮ ಸೇವಂತಿಗೆಯೂ ಇದೇ ಜಾತಿಯ ಸ್ವಭಾವದ್ದು. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಹೋದವರು ಹೊಲದ ತುಂಬ ಬಲ್ಬು ಉರಿಯುವುದನ್ನು ನೋಡಿರುತ್ತೀರಿ. ಅದು ಕಳ್ಳರ ಕಾವಲಿಗಲ್ಲ. ರಾತ್ರಿಯನ್ನು ಮುರಿದು, ಸೇವಂತಿಗೆ ಬೇಗ ಹೂ ಬಿಡದಂತೆ ತಡೆದು, ಗಿಡ ಎತ್ತರವಾಗಲಿ, ಹೂವು ಮಾರುಕಟ್ಟೆಗೆ ಬೇಕಾದ ಹೊತ್ತಿಗೆ ಬರಲಿ ಎಂದು ರೈತರು ಮಾಡುವ ಉಪಾಯ. ಮನೆಯೊಳಗೆ ದೀಪದಲ್ಲಿ ಮಾಮೂಲಿ ಗಾಂಜಾ ಬೆಳೆಯುವವರೂ ಮಾಡುವುದು ಇದನ್ನೇ: ಬೆಳೆಯುವ ಕಾಲದಲ್ಲಿ 18 ಗಂಟೆ ಬೆಳಕು, ಹೂ ಬೇಕೆನಿಸಿದಾಗ 12 ಗಂಟೆ ಬೆಳಕು, 12 ಗಂಟೆ ಗವ್ವೆನ್ನುವ ಕತ್ತಲು.

ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೆ 13 ಗಂಟೆಯೂ ತುಂಬುವುದಿಲ್ಲ, ಅತಿ ಚಿಕ್ಕದ್ದು 11 ಗಂಟೆ 20 ನಿಮಿಷದ ಆಸುಪಾಸು. ಟೊರಾಂಟೊದಲ್ಲಿ ಜೂನ್ 21ರ ಹಗಲು 15 ಗಂಟೆ 25 ನಿಮಿಷ ದಾಟುತ್ತದೆ, ಡಿಸೆಂಬರ್‌ನಲ್ಲಿ 9 ಗಂಟೆಗಿಂತಲೂ ಕೆಳಗೆ ಇಳಿಯುತ್ತದೆ. ನಮ್ಮೂರಲ್ಲಿ ರಾಗಿ ಹೊಲದ ಅಕ್ಕಡಿ ಸಾಲಿಗೆ ಹಾಕಿದ ಅವರೆ ಮಳೆಗಾಲದುದ್ದಕ್ಕೂ ಹಬ್ಬಿ, ಹಗಲು ಕುಗ್ಗಿದ ಮೇಲೆ ಹೂ ಬಿಟ್ಟು, ಡಿಸೆಂಬರ್-ಜನವರಿಯ ಚಳಿಗೆ ಸೊಗಡು ತುಂಬಿಕೊಂಡು ಮನೆಗೆ ಬರುತ್ತದೆ. ಅದೇ ಬೀಜ ಇಲ್ಲಿ ಮೇ ಕೊನೆಗೆ ಬಿದ್ದರೆ ಹೂವಿಗೆ ಬೇಕಾದಷ್ಟು ಉದ್ದದ ರಾತ್ರಿ ಸಿಗುವುದು ಸೆಪ್ಟೆಂಬರ್ ಕೊನೆಗೆ. ಅಕ್ಟೋಬರ್ ನಡುವಿಗೆ ಇಬ್ಬನಿಯೇ ಹೆಪ್ಪುಗಟ್ಟುವ ಚಳಿ ಬೀಳುತ್ತದೆ. ಇಲ್ಲಿಯವರು ಫ್ರಾಸ್ಟ್ ಎನ್ನುತ್ತಾರೆ. ಒಂದೇ ರಾತ್ರಿಗೆ ಬಳ್ಳಿ ಬೇಯಿಸಿದ ಸೊಪ್ಪಿನಂತೆ ಕಪ್ಪಾಗುತ್ತದೆ.

ಸಟೈವಾ ಗಾಂಜಾದ ಗೋಳೂ ಇದೇ. ಸಟೈವಾ ಎಂದು ಬೆಳೆಗಾರರು ಕರೆಯುವುದು ತೆಳ್ಳನೆಯ ಉದ್ದ ಬೆರಳುಗಳಂಥ ಎಲೆಯ, ಆಳೆತ್ತರ ಮೀರಿ ಹೋಗುವ, ಸಮಭಾಜಕದ ಕಡೆಯ ಸೀಮೆಗಳಿಂದ ಬಂದ ತಳಿಗಳನ್ನು. ಕೇರಳದ ಇಡುಕ್ಕಿ ಬೆಟ್ಟಗಳು, ಥಾಯ್ಲೆಂಡ್, ಕೊಲಂಬಿಯಾ ಇಂಥ ಕಡೆಯವು. ಅಲ್ಲಿ ಹಗಲು ರಾತ್ರಿಗಳ ನಡುವೆ ದೊಡ್ಡ ಅಂತರವಿಲ್ಲ, ಚಳಿಯ ಗಡುವೂ ಇಲ್ಲ, ಹೂ ಮಾಗಲು ಮೂರು ತಿಂಗಳಾದರೂ ಗಿಡಕ್ಕೆ ಅವಸರವಿಲ್ಲ. ಅಂಥದ್ದು ಒಂಟಾರಿಯೊದಲ್ಲಿ ಸೆಪ್ಟೆಂಬರ್‌ನಲ್ಲಿ ಮೊಗ್ಗು ಕಟ್ಟಿದರೆ ಮಾಗುವ ಹೊತ್ತಿಗೆ ನವೆಂಬರ್ ಕಳೆದಿರಬೇಕು. ಫ್ರಾಸ್ಟ್ ಬರುವ ಮೊದಲೇ ಸೆಪ್ಟೆಂಬರ್-ಅಕ್ಟೋಬರ್‌ನ ಮಂಜು ಮಳೆಗೆ ದಪ್ಪ ಹೂಗೊಂಚಲುಗಳ ಒಳಗೆ ಬೂದು ಬಣ್ಣದ ಬೂಷ್ಟು ಹಿಡಿಯುತ್ತದೆ. ಹೊರಗಿನಿಂದ ಚೆನ್ನಾಗಿ ಕಂಡ ಗೊಂಚಲನ್ನು ಬಿಡಿಸಿದರೆ ಒಳಗೆಲ್ಲ ಪುಡಿ. ಸ್ಟ್ರಾಬೆರಿಗೂ ದ್ರಾಕ್ಷಿಗೂ ಬರುವ ಬೊಟ್ರೈಟಿಸ್ ಇದು.

ಪರಿಹಾರ ಬಂದದ್ದು ಯಾರೂ ಬೇಕೆನ್ನದ ಒಂದು ಕಳೆಗಿಡದಿಂದ. ರಷ್ಯಾದ ಆಗ್ನೇಯ ಭಾಗದಲ್ಲಿ ರಸ್ತೆ ಬದಿ, ಹಾಳು ನೆಲದಲ್ಲಿ ತಾನಾಗಿ ಬೆಳೆಯುವ ಕುಳ್ಳ ಗಾಂಜಾವನ್ನು 1924ರಲ್ಲಿ ಯಾನಿಶೆವ್‌ಸ್ಕಿ ಎಂಬ ಸಸ್ಯವಿಜ್ಞಾನಿ ರುಡರಾಲಿಸ್ ಎಂದು ವಿವರಿಸಿದರು. ಅದರಲ್ಲಿ ಅಮಲು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅಷ್ಟು ಉತ್ತರದ ಚಿಕ್ಕ ಬೇಸಿಗೆಯಲ್ಲಿ ರಾತ್ರಿ ಉದ್ದವಾಗಲಿ ಎಂದು ಕಾದ ಗಿಡ ಬೀಜ ಕಟ್ಟುವ ಮೊದಲೇ ಸಾಯುತ್ತದೆ. ಕಾಯದೆ, ಇಷ್ಟು ವಾರ ತುಂಬಿತು ಎಂದೊಡನೆ ಹೂ ಬಿಟ್ಟ ಗಿಡಗಳು ಉಳಿದುಕೊಂಡವು. ಆ ಗುಣವನ್ನು ಬೇರೆ ತಳಿಗಳಿಗೆ ದಾಟಿಸಿ ಮಾಡಿದವೇ ಈಗ ಆಟೋಫ್ಲವರ್ ಎಂದು ಮಾರುವ ಬೀಜಗಳು. ಈ ಗುಣ ರಿಸೆಸಿವ್, ಅಂದರೆ ಹಿಂದೆ ಸರಿದು ನಿಲ್ಲುವಂಥದ್ದು, ಶಾಲೆಯಲ್ಲಿ ಮೆಂಡಲ್‌ನ ಬಟಾಣಿ ಪಾಠ ಓದಿದವರಿಗೆ ನೆನಪಿರುತ್ತದೆ: ಮೊದಲ ಅಡ್ಡತಳಿಯಲ್ಲಿ ಅಡಗಿ ಕೂರುತ್ತದೆ, ಆ ಮಕ್ಕಳನ್ನು ತಮ್ಮಲ್ಲೇ ಕೂಡಿಸಿದಾಗ ನಾಲ್ಕರಲ್ಲೊಂದು ಪಾಲು ಹೊರಬರುತ್ತದೆ. ಹಾಗಾಗಿ ತಳಿ ನಿಲ್ಲಿಸಲು ಹಲವು ತಲೆಮಾರು ಆರಿಸುತ್ತ ಹೋಗಬೇಕು. ಅಪ್ಪಟ ಸಟೈವಾ ಆಟೋಫ್ಲವರ್ ಎಂಬುದೂ ಇಲ್ಲ. ಸಟೈವಾ ಪಾಲು ಹೆಚ್ಚಿರುವ ಮಿಶ್ರತಳಿ ಅಷ್ಟೇ.

ಪಕ್ಕದ ಮನೆಯವರು ಬಿತ್ತುವುದು ಇಂಥ ಬೀಜವನ್ನೇ, ವಿಕ್ಟೋರಿಯಾ ಡೇ ರಜೆಯ ನಂತರ. ಮೇ 25ಕ್ಕೆ ಮೊದಲು ಬರುವ ಸೋಮವಾರ ಆ ರಜೆ. ಈ ಸೀಮೆಯಲ್ಲಿ ಟೊಮೇಟೊ, ಮೆಣಸಿನಕಾಯಿ ಸಸಿ ಹೊರಗಿಡುವುದೂ ಅದರ ಲೆಕ್ಕದಲ್ಲೇ. ಅವರು ಪಾತಿಯಲ್ಲಿ ಸಸಿ ಮಾಡಿ ಕಿತ್ತು ನೆಡುವುದಿಲ್ಲ, ಕೊನೆಯವರೆಗೂ ಇರುವ ಬಟ್ಟೆಯ ಕುಂಡಕ್ಕೇ ನೇರ ಬೀಜ ಹಾಕುತ್ತಾರೆ. ಕಾರಣವಿದೆ. ಮಾಮೂಲಿ ಗಿಡದ ಬೇರಿಗೆ ಪೆಟ್ಟಾದರೆ ಅದು ವಾರವೆರಡು ವಾರ ಸುಧಾರಿಸಿಕೊಂಡು ಮತ್ತೆ ಬೆಳೆಯುತ್ತದೆ. ಇದಕ್ಕೆ ಆ ಪುರುಸೊತ್ತಿಲ್ಲ. ಮೊಳೆತ ಮೂರರಿಂದ ಐದು ವಾರಕ್ಕೆ ಹೂವಿನ ಹಂತ ಶುರುವಾಗುತ್ತದೆ, ಅಷ್ಟರೊಳಗೆ ಎಷ್ಟು ಎತ್ತರ ಬಂದಿದೆಯೋ ಅದರ ಮೇಲೆಯೇ ಮುಂದಿನದು. ತುದಿ ಚಿವುಟುವುದನ್ನೂ ಅದಕ್ಕೇ ಮಾಡುವುದಿಲ್ಲ. ಗೊಬ್ಬರವೂ ಹಗುರ: ಕಾಂಪೋಸ್ಟ್ ಬೆರೆಸಿದ ಸಡಿಲ ಮಣ್ಣು, ಮೇಲ್ಮಣ್ಣು ಒಣಗಿದ ಮೇಲೆ ನೀರು. ಅವರು ಕುಂಡವನ್ನು ಎತ್ತಿ ನೋಡಿ ತೂಕದಲ್ಲೇ ಹೇಳುತ್ತಿದ್ದರು, ಇವತ್ತು ಬೇಡ, ನಾಳೆ ಹಾಕು ಎಂದು. ಬಿತ್ತನೆಯಿಂದ ಕೊಯ್ಲಿಗೆ ಸಾಮಾನ್ಯ ಆಟೋಫ್ಲವರ್‌ಗೆ 8ರಿಂದ 10 ವಾರ ಸಾಕು, ಸಟೈವಾ ಪಾಲು ಹೆಚ್ಚಿದ್ದರೆ 12 ವಾರ, ಕೆಲವೊಮ್ಮೆ ಅದಕ್ಕೂ ಮೇಲೆ. ಹೇಗಿದ್ದರೂ ಬೂಷ್ಟಿನ ಕಾಲಕ್ಕೆ ಮೊದಲೇ ಗಿಡ ಒಳಗೆ ಬಂದಿರುತ್ತದೆ. ಬೀದಿ ದೀಪದ ಬೆಳಕು ಬಿದ್ದರೂ ಹೂ ಕೆಡುವುದಿಲ್ಲ, ಅದು ರಾತ್ರಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲವಲ್ಲ.

ನನಗೆ ಬಹಳ ಇಷ್ಟವಾದದ್ದು ಹೂವನ್ನು ಭೂತಗನ್ನಡಿಯಲ್ಲಿ ನೋಡಿದ್ದು. ಗಾಂಜಾದಲ್ಲಿ ಗಂಡು ಹೆಣ್ಣು ಬೇರೆ ಬೇರೆ ಗಿಡ, ಪಪ್ಪಾಯಿಯಲ್ಲಿ ಇದ್ದಂತೆ. ಬೆಳೆಗಾರರಿಗೆ ಬೇಕಾದದ್ದು ಹೆಣ್ಣು, ಅದೂ ಪರಾಗ ತಾಕದ ಹೆಣ್ಣು. ಅದರ ಗೊಂಚಲಿನಿಂದ ಬಿಳಿ ಎಳೆಗಳು ಹೊರಚಾಚಿರುತ್ತವೆ, ದಿನ ಕಳೆದಂತೆ ಕಿತ್ತಳೆ ಬಣ್ಣಕ್ಕೆ ತಿರುಗಿ ಒಳಕ್ಕೆ ಮುದುಡುತ್ತವೆ. ಕನ್ನಡಿ ಹಿಡಿದರೆ ಎಲೆಯಂಚಿನ ತುಂಬ ಸಣ್ಣ ಕಾಂಡದ ಮೇಲೆ ಕೂತ ಗುಂಡು ಹನಿಗಳು. ಅಮಲಿನ ಅಂಶವೂ ವಾಸನೆಯೂ ಇರುವುದು ಅದರಲ್ಲೇ. ಮೊದಲು ಗಾಜಿನಷ್ಟು ತಿಳಿ, ಆಮೇಲೆ ಹಾಲಿನಂತೆ ಮಸುಕು, ಕೊನೆಗೆ ಕೆಲವು ಜೇನುಬಣ್ಣ. ಬಹುಪಾಲು ಮಸುಕಾಗಿ, ಅಲ್ಲಲ್ಲಿ ಜೇನುಬಣ್ಣ ಬಂದಾಗ ಅವರು ಕತ್ತರಿ ತೆಗೆಯುತ್ತಾರೆ. ಬೆರಳಿಗೆ ಅಂಟಿದ ಅಂಟು ಸೋಪಿಗೆ ಹೋಗದು, ಎಣ್ಣೆ ಹಚ್ಚಿ ತಿಕ್ಕಬೇಕು. ಹಲಸಿನ ಹಣ್ಣು ಬಿಡಿಸಿದವರಿಗೆ ಆ ಕೆಲಸ ಹೊಸದಲ್ಲ.

ಕೊಯ್ದದ್ದನ್ನು ನೆಲಮಾಳಿಗೆಯ ಕತ್ತಲೆಯಲ್ಲಿ, ನೇರ ಗಾಳಿ ಬಡಿಯದಂತೆ ತಲೆಕೆಳಗಾಗಿ ತೂಗುಹಾಕುತ್ತಾರೆ. ಹತ್ತು ದಿನ, ಎರಡು ವಾರ. ಕಡ್ಡಿ ಬಗ್ಗದೆ ಪಟ್ಟನೆ ಮುರಿಯಬೇಕು. ಆಮೇಲೆ ಗಾಜಿನ ಬಾಟಲಿಗೆ ತುಂಬಿ, ದಿನಾ ಮುಚ್ಚಳ ತೆಗೆದು ಗಾಳಿಯಾಡಿಸಿ, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿ ಇಡುತ್ತಾರೆ. ಹಸಿ ಎಲೆ ತಿಂದರೆ ಅಮಲೇರುವುದಿಲ್ಲ, ಅದರಲ್ಲಿರುವ ಆಮ್ಲ ಬಿಸಿ ತಾಗಿದಾಗಲೇ ಅಮಲಿನ ರೂಪಕ್ಕೆ ಬರುವುದು. ವಾಸನೆಯ ಮಾತೊಂದಿದೆ. ಆಗಸ್ಟ್‌ನಲ್ಲಿ ಬೇಲಿ ದಾಟಿ ಬರುವ ಆ ಗಾಟು ಎಲ್ಲರಿಗೂ ಸಹ್ಯವಲ್ಲ, ನಮ್ಮ ಬೀದಿಯಲ್ಲೇ ಅದರ ಬಗ್ಗೆ ಗೊಣಗುವವರಿದ್ದಾರೆ. ಅವರ ಅಸಮಾಧಾನ ನ್ಯಾಯವಾದದ್ದೇ ಎಂದು ನನಗನ್ನಿಸುತ್ತದೆ.

ಇಲ್ಲಿಗೆ ಓದಲು ಬರುವ ನಮ್ಮ ಹುಡುಗ ಹುಡುಗಿಯರಿಗೆ ಅಕ್ಕನಾಗಿ ಹೇಳಬೇಕಾದ್ದು ಹೇಳುತ್ತೇನೆ. ಮೆದುಳು ಸುಮಾರು 25ರ ವಯಸ್ಸಿನವರೆಗೂ ಬೆಳೆಯುತ್ತಿರುತ್ತದೆ, ಆ ವಯಸ್ಸಿನೊಳಗೆ ಇದರ ಅಪಾಯ ಹೆಚ್ಚು ಎಂದು ಇಲ್ಲಿನ ಆರೋಗ್ಯ ಇಲಾಖೆಯೇ ಎಚ್ಚರಿಸುತ್ತದೆ. ಅಂಗಡಿಯಲ್ಲಿ ಸಿಗುತ್ತದೆ ಎಂದಮಾತ್ರಕ್ಕೆ ನಿಮಗೆ ಒಗ್ಗುತ್ತದೆ ಎಂದಲ್ಲ. ಕೆನಡಾದ ಗಡಿ ದಾಟಿಸಿ ಒಂದೆಳೆಯನ್ನೂ ಒಯ್ಯಬಾರದು, ತರಬಾರದು, ಅಮೆರಿಕದಲ್ಲಿ ಗಾಂಜಾಕ್ಕೆ ಅನುಮತಿ ಇರುವ ರಾಜ್ಯಕ್ಕೇ ಹೋಗುತ್ತಿದ್ದರೂ. ಭಾರತದಲ್ಲಿ 1985ರ ಎನ್‌ಡಿಪಿಎಸ್ ಎಂಬ ಮಾದಕ ವಸ್ತುಗಳ ಕಾಯ್ದೆಯಡಿ ಒಂದು ಗಿಡ ಬೆಳೆದರೂ ಅಪರಾಧ, ಹತ್ತು ವರ್ಷದವರೆಗೆ ಕಠಿಣ ಶಿಕ್ಷೆಗೆ ಅವಕಾಶವಿದೆ. ಮೇಲೆ ಬರೆದದ್ದನ್ನು ಓದಿ ಊರಲ್ಲಿ ಯಾರೂ ಕುಂಡ ಹುಡುಕಬೇಡಿ.

ಆದರೆ ಅವರೆಯ ವಿಷಯಕ್ಕೆ ಊರಲ್ಲೇ ಉತ್ತರ ಇದೆ ಎಂದು ಗೊತ್ತಾದಾಗ ನನಗಾದ ಸಂತೋಷ ಹೇಳತೀರದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಎಂಬ ತಳಿಗಳನ್ನು ಹಗಲಿನ ಉದ್ದಕ್ಕೆ ಕಾಯದೆ ಹೂ ಬಿಡುವಂತೆ ರೂಪಿಸಿದ್ದಾರೆ. ಬೆಂಗಳೂರಿನ ಮಾರುಕಟ್ಟೆಯಲ್ಲಿ ಬೇಸಿಗೆಯಲ್ಲೂ ಅವರೆಕಾಯಿ ಕಾಣುವುದು ಇಂಥವುಗಳಿಂದಲೇ. ಸೊಗಡು ಮಾತ್ರ ಮಾಗಿಯ ಅವರೆಯಷ್ಟಿಲ್ಲ ಎಂದು ಅಮ್ಮನ ದೂರು. ಇರಲಿ, ಹಿತಕಿದ ಬೇಳೆ ಸಾರಿಗೆ ಇಲ್ಲಿ ಫ್ರೀಜರ್ ಪೊಟ್ಟಣವನ್ನೇ ನೆಚ್ಚಿರುವ ನನಗೆ ಅದರ ಅರ್ಧ ಸೊಗಡು ಸಿಕ್ಕರೂ ಸಾಕು. ಬೀಜ ತರಿಸುವ ಮೊದಲು ಕೆನಡಾದ ಆಹಾರ ತಪಾಸಣಾ ಸಂಸ್ಥೆಯ ನಿಯಮ ನೋಡಿಕೊಳ್ಳಬೇಕು, ಸೂಟ್‌ಕೇಸಿನಲ್ಲಿ ಸುಮ್ಮನೆ ಹಾಕಿಕೊಂಡು ಬರುವ ಹಾಗಿಲ್ಲ.

ಚಳಿಯ ದೇಶಗಳಲ್ಲಿ ಹೆಬ್ಬಾಳ ಅವರೆ ಬೆಳೆದ ಕನ್ನಡಿಗರು ಯಾರಾದರೂ ಇದ್ದರೆ ಯಾವ ತಿಂಗಳು ಬಿತ್ತಿದಿರಿ, ಮೊದಲ ಹೂ ಯಾವಾಗ ಬಂತು, ಫ್ರಾಸ್ಟ್‌ಗೆ ಮೊದಲು ಎಷ್ಟು ಕೊಯ್ಲು ಸಿಕ್ಕಿತು, ದಯವಿಟ್ಟು ಬರೆದು ತಿಳಿಸಿ. ಪಕ್ಕದ ಮನೆಯವರು ಬೇಲಿಯ ತಮ್ಮ ಕಡೆಗೂ ಬಳ್ಳಿ ಹಬ್ಬಿಸಿಕೋ ಎಂದಿದ್ದಾರೆ.