ಬಾಕ್ಸ್ ಕೂರಿಸಿದ್ದು ನಾನು, ಅಲುಗಾಡಿಸಿದ್ದು ಕೊಡಗಿನ ರಸ್ತೆ

ಸುಂಟಿಕೊಪ್ಪ ಇನ್ನೇನು ಬಂತು ಅನ್ನುವಾಗ ಬೈಕಿನ ಬಲಗಡೆಯಿಂದ ಟಕ್ ಟಕ್ ಎಂದು ಸದ್ದು ಶುರುವಾಯಿತು. ಹಂಪ್ ಬಂದಾಗ ಎರಡು ಸಲ ಟಕ್, ತಿರುವಿನಲ್ಲಿ ಒಂದು ಸಲ. ಇಳಿದು, ಹಿಂದೆ ಪಕ್ಕಕ್ಕೆ ಕೂರಿಸಿದ್ದ ಸಾಮಾನಿನ ಬಾಕ್ಸ್ ಹಿಡಿದು ಅಲ್ಲಾಡಿಸಿದೆ. ಮೇಲಿನ ಬೋಲ್ಟ್ ಇರಬೇಕಾದ ಜಾಗದಲ್ಲಿ ಬರೀ ತೂತು ಇತ್ತು.

ಹಿಂದಿನ ರಾತ್ರಿ ಮೈಸೂರಿನಲ್ಲಿ ಮನೆ ಮುಂದೆ ಕೂತು ನಾನೇ ಕೂರಿಸಿದ್ದ ಅಲ್ಯೂಮಿನಿಯಂ ಬಾಕ್ಸ್‌ಗಳು ಅವು. ಗಾಡಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411. ಬಾಕ್ಸ್ ಮಾರಿದವನು "ಅರ್ಧ ಗಂಟೆ ಕೆಲಸ ಸಾರ್, ಮಕ್ಕಳೂ ಮಾಡ್ತಾರೆ" ಎಂದಿದ್ದ. ನನಗೆ ನಾಲ್ಕು ಗಂಟೆ ಹಿಡಿಯಿತು. ಕೊನೆಯ ಒಂದು ಗಂಟೆ ಮೊಬೈಲ್ ಟಾರ್ಚ್ ಬೆಳಕಿನಲ್ಲಿ.

ಸುಂಟಿಕೊಪ್ಪದವರೆಗೆ ಹಗ್ಗ ಬಿಗಿದುಕೊಂಡು ಹೋಗಿ ಒಂದು ವೆಲ್ಡಿಂಗ್ ಅಂಗಡಿ ಮುಂದೆ ನಿಲ್ಲಿಸಿದೆ. ಆತ ಬಗ್ಗಿ ನೋಡಿ, "ಇದು ಯಾರು ಫಿಟ್ ಮಾಡಿದ್ದು ಸಾರ್?" ಎಂದು ಕೇಳಿದ.

"ಮೈಸೂರಲ್ಲಿ ಒಬ್ಬ" ಎಂದೆ.

"ಅವನ ಕೈಗೆ ಇನ್ನು ಗಾಡಿ ಕೊಡಬೇಡಿ."

ತಪ್ಪು ಮೂರು ಇದ್ದವು. ಮೊದಲನೆಯದು ಮಾರಿದವನದು. ಸೈಲೆನ್ಸರ್ ಇರುವ ಬಲಗಡೆ, ಬಾಕ್ಸ್ ಕೂರುವ ಚೌಕಟ್ಟು ಅಂದರೆ ರ್‍ಯಾಕ್ ಸ್ವಲ್ಪ ಹೊರಗೆ ನಿಲ್ಲಬೇಕು, ಅದಕ್ಕೆ ನಡುವೆ ಒಂದು ಸ್ಪೇಸರ್, ಅಂದರೆ ಕೊಳವೆಯಂಥ ತುಂಡು, ಬರುತ್ತದೆ. ಹಾಗಾಗಿ ಆ ಕಡೆಯ ಬೋಲ್ಟ್ ಉದ್ದ ಇರಬೇಕು. ಪೊಟ್ಟಣದಲ್ಲಿ ಎಲ್ಲವೂ ಒಂದೇ ಅಳತೆಯವು. 8 ಎಂಎಂ ದಪ್ಪದ ಬೋಲ್ಟ್ ಕಡೇಪಕ್ಷ 8 ಎಂಎಂ ಆದರೂ ಥ್ರೆಡ್ ಒಳಗೆ ಹೋಗಬೇಕು. ನನ್ನದು ಮೂರು ಸುತ್ತು ಹೋಗಿ ಬಿಗಿಯಾದಂತೆ ಅನಿಸಿತ್ತು, ನಾನು ಖುಷಿಪಟ್ಟಿದ್ದೆ.

ಎರಡನೆಯದು ಪೂರ್ತಿ ನನ್ನದೇ. ಎಡಗಡೆ ರ್‍ಯಾಕ್ ಪೂರಾ ಬಿಗಿದು ಆಮೇಲೆ ಬಲಗಡೆಗೆ ಹೋದೆ. ಎರಡನ್ನೂ ಹಿಂದೆ ಜೋಡಿಸುವ ಅಡ್ಡಪಟ್ಟಿಯ ತೂತು ಕೂಡಲಿಲ್ಲ. ಒಂದು ರಾಡ್ ಹಾಕಿ ಮೀಟಿ ಕೂರಿಸಿದೆ. ಹಾಗೆ ಎಳೆದು ಕೂರಿಸಿದ ರ್‍ಯಾಕ್ ಸುಮ್ನೆ ಇರುತ್ತದಾ? ದಾರಿಯುದ್ದಕ್ಕೂ ಬೋಲ್ಟನ್ನು ಜಗ್ಗುತ್ತಲೇ ಇರುತ್ತದೆ. ಮೊದಲು ಎರಡೂ ಕಡೆಯ ರ್‍ಯಾಕ್, ಅಡ್ಡಪಟ್ಟಿ, ಎಲ್ಲ ಬೋಲ್ಟನ್ನೂ ಬರಿಗೈಯಲ್ಲಿ ಅರ್ಧದವರೆಗೆ ತಿರುಗಿಸಿ ಬಿಡಿ. ಎಲ್ಲ ಕೂಡಿದ ಮೇಲೆ ಸ್ಪ್ಯಾನರ್ ಹಿಡಿಯಿರಿ. ಬಿಗಿಯುವಾಗಲೂ ಈ ಕಡೆ ಸ್ವಲ್ಪ, ಆ ಕಡೆ ಸ್ವಲ್ಪ.

ಮೂರನೆಯದು, ಅಲುಗಾಟಕ್ಕೆ ಬಿಚ್ಚದಂತೆ ಥ್ರೆಡ್‌ಗೆ ಹಚ್ಚುವ ಲಾಕ್‌ಟೈಟ್. ನೀಲಿಯದನ್ನೇ ತಂದಿದ್ದೆ, ಅದು ಸರಿ. ಕೆಂಪು ಹಚ್ಚಿದರೆ ಮುಂದೆ ಬಿಚ್ಚಲು ಬಿಸಿ ಮಾಡಬೇಕಾಗುತ್ತದೆ. ಆದರೆ ಹಚ್ಚಿದ ಮೇಲೆ ಪೂರ್ತಿ ಹಿಡಿಯಲು ಒಂದು ದಿನ ಬೇಕು. ನಾನು ರಾತ್ರಿ ಹನ್ನೊಂದಕ್ಕೆ ಹಚ್ಚಿ ಬೆಳಗ್ಗೆ ಐದೂವರೆಗೆ ಹೊರಟಿದ್ದೆ. ಎಣ್ಣೆ ಜಿಡ್ಡನ್ನೂ ಒರೆಸಿರಲಿಲ್ಲ.

ವೆಲ್ಡಿಂಗ್ ಅಂಗಡಿಯವ ಉದ್ದದ ಬೋಲ್ಟ್ ಹುಡುಕಿ, ಒಳಗೆ ನೈಲಾನ್ ಬಳೆ ಇರುವ ನಟ್ ಹಾಕಿ ಕೊಟ್ಟ. ಆಮೇಲೆ ಬಿಳಿ ಪೇಂಟಿನಿಂದ ನಟ್ಟಿನಿಂದ ರ್‍ಯಾಕ್‌ವರೆಗೆ ಒಂದು ಗೆರೆ ಎಳೆದ. ಗೆರೆ ತುಂಡಾಗಿ ಕಂಡರೆ ನಟ್ ತಿರುಗಿದೆ ಎಂದು ಅರ್ಥ. ಎಲ್ಲ ಸೇರಿ 60 ರೂಪಾಯಿ ತೆಗೆದುಕೊಂಡ. ಹೊರಡುವ ಮುಂಚೆ ಈ ಗೆರೆ ನೀವೇ ಎಳೆದುಕೊಳ್ಳಿ. ಹೆಂಡತಿಯ ನೈಲ್ ಪಾಲಿಶ್ ಸಾಕು, ಕೇಳಿ ತೆಗೆದುಕೊಳ್ಳಿ.

ಮಡಿಕೇರಿಯಲ್ಲಿ ನೋಡುವಂಥದ್ದರ ಬಗ್ಗೆ ನನ್ನನ್ನು ಕೇಳಬೇಡಿ. ಜನ ಜಾಸ್ತಿ ಇರುವ ಕಡೆ ನನಗೆ ನಿಲ್ಲಲು ಆಗುವುದಿಲ್ಲ. ರಾಜಾಸೀಟ್ ಮುಂದಿನ ಕಾರುಗಳ ಸಾಲು ನೋಡಿಯೇ ವಾಪಸ್ ತಿರುಗಿಸಿದೆ.

ಹೇಳಬೇಕಾದದ್ದು ಉಳಿದುಕೊಂಡ ಹೋಂಸ್ಟೇ ಬಗ್ಗೆ. ರಾತ್ರಿಗೆ 3,200 ರೂಪಾಯಿ. ಫೋಟೊದಲ್ಲಿ ಅಂಗಳದಲ್ಲೇ ಗಾಡಿ ನಿಂತಿತ್ತು. ಹೋಗಿ ನೋಡಿದರೆ ಅಂಗಳಕ್ಕೆ ಜೀಪು ಮಾತ್ರ ಹತ್ತುತ್ತದೆ. ಕೆಂಪು ಮಣ್ಣಿನ ಇಳಿಜಾರು, ಮೇಲೆ ಅವತ್ತಿನ ಮಳೆ. ಹತ್ತಿಸಲು ನೋಡಿದೆ. ಜಾರಿದಾಗ ಕಾಲು ಊರಿ ಹಿಂದಕ್ಕೆ ಬರುವಾಗ ಬಾಕ್ಸಿನ ಮೂಲೆ ಮೀನಖಂಡಕ್ಕೆ ಬಡಿಯಿತು. ಬಾಕ್ಸ್ ಹಾಕಿದ ಗಾಡಿಯನ್ನು ಕಾಲಿನಿಂದ ತಳ್ಳಿಕೊಂಡು ಹಿಂದೆ ತರಬೇಡಿ, ಇಳಿದು ತಳ್ಳಿ. ಗಾಡಿ ರಸ್ತೆ ಬದಿಯಲ್ಲಿ ಬಿಟ್ಟು, ಬಾಕ್ಸ್ ಎರಡನ್ನೂ ಹೊತ್ತುಕೊಂಡು ಮೇಲೆ ಹೋದೆ. ಒಂದೊಂದರಲ್ಲಿ ಏಳು ಕೆಜಿ ಸಾಮಾನು, ಅದರ ಮೇಲೆ ಬಾಕ್ಸಿನದೇ ಭಾರ. ಒಳಗೆ ಹಿಡಿಕೆ ಇರುವ ಒಂದು ಬಟ್ಟೆ ಚೀಲ ಇಟ್ಟುಕೊಂಡಿದ್ದರೆ ಅದನ್ನಷ್ಟೇ ಎತ್ತಿಕೊಂಡು ಹೋಗಬಹುದಿತ್ತು. ರಾತ್ರಿ ಒದ್ದೆ ಸೌದೆಯ ಹೊಗೆಗೆ "ಕ್ಯಾಂಪ್‌ಫೈರ್" ಎಂದು 400 ರೂಪಾಯಿ ಬೇರೆ ಸೇರಿಸಿದರು. ಬುಕ್ ಮಾಡುವ ಮುಂಚೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: ಬೈಕ್ ಬಾಗಿಲವರೆಗೆ ಬರುತ್ತದಾ?

ಬಾಕ್ಸ್ ತೆರೆದಾಗ ಬಟ್ಟೆ ಒದ್ದೆ. ಮುಚ್ಚಳದ ರಬ್ಬರ್ ಚೆನ್ನಾಗಿಯೇ ಇತ್ತು. ಲಾಕ್ ಪ್ಲೇಟಿಗಾಗಿ ನಾನು ಕೊರೆದ ತೂತುಗಳಿಂದ ನೀರು ಇಳಿದಿತ್ತು. ತೂತು ಕೊರೆದರೆ ರಬ್ಬರ್ ವಾಷರ್ ಹಾಕಿ, ಸುತ್ತ ಸಿಲಿಕೋನ್ ಅಂಟು ಹಚ್ಚಿ. ಸೋರುತ್ತದಾ ಎಂದು ಮನೆಯಲ್ಲೇ ಪೈಪ್ ಹಿಡಿದು ನೋಡಿ.

ಭಾಗಮಂಡಲದ ದಾರಿ ಚೆನ್ನಾಗಿದೆ, ಆದರೆ ಕಿರಿದು. ಟೇಪ್ ಹಿಡಿದು ನೋಡಿದೆ: ಬಾಕ್ಸ್ ಸೇರಿ ಗಾಡಿ 97 ಸೆಂಟಿಮೀಟರ್ ಅಗಲ, ಹ್ಯಾಂಡಲ್ 84. ಅಂದರೆ ಹ್ಯಾಂಡಲ್ ದಾಟಿದ ಸಂದಿಯಲ್ಲಿ ಬಾಕ್ಸ್ ದಾಟಬೇಕೆಂದಿಲ್ಲ. ಒಂದು ತಿರುವಿನಲ್ಲಿ ಬಸ್ ಎದುರಾಯಿತು, ನಾನು ಎಡಕ್ಕೆ ಸರಿದೆ, ಬಾಕ್ಸ್ ತೋಟದ ಬೇಲಿಯ ಕಲ್ಲುಕಂಬಕ್ಕೆ ಗೀಚಿತು. ತುಲಾ ಸಂಕ್ರಮಣದ ಹೊತ್ತಿಗಂತೂ, ಅಂದರೆ ಅಕ್ಟೋಬರ್ ನಡುವೆ, ತಲಕಾವೇರಿಗೆ ಇಂಥ ಗಾಡಿ ತೆಗೆದುಕೊಂಡು ಹೋಗಲೇಬೇಡಿ.

ಈಗ ಊಟದ ವಿಷಯ. ಮಡಿಕೇರಿಯಿಂದ ವಿರಾಜಪೇಟೆಗೆ ಹೋಗುವಾಗ ಮೂರ್ನಾಡು ದಾಟಿ ಸ್ವಲ್ಪ ದೂರದಲ್ಲಿ, ತಗಡಿನ ಮಾಡಿನ ಒಂದು ಅಂಗಡಿ. ಬೋರ್ಡ್ ಇಲ್ಲ, ನಾಲ್ಕು ಬೆಂಚು. ಒಬ್ಬ ಅಕ್ಕ ಒಳಗೆ ಅಡುಗೆ, ಹೊರಗೆ ಅವರ ಅಮ್ಮ ಗಲ್ಲಾಪೆಟ್ಟಿಗೆ. ಕಡಂಬುಟ್ಟು ಹಬೆಯಿಂದ ಆಗ ತಾನೇ ಇಳಿದಿತ್ತು. ಅಕ್ಕಿ ತರಿಯ ಉಂಡೆ, ಮುರಿದರೆ ಒಳಗೆ ಇನ್ನೂ ಹಬೆ. ಪಂದಿ ಕರಿ ಕಪ್ಪಗೆ, ಎಣ್ಣೆ ತೇಲದೆ, ಕಾಚಂಪುಳಿಯ (ಕೊಡಗಿನ ಕಪ್ಪು ಹುಳಿರಸ) ಹುಳಿ ನಾಲಿಗೆಯ ಎರಡೂ ಬದಿಗೆ ಹಿಡಿಯುವ ಹಾಗೆ. ಮೂರು ಉಂಡೆ ಮುಗಿಸಿ ಸಾಕು ಎಂದೆ. "ಅಷ್ಟು ದೊಡ್ಡ ಗಾಡಿ ಓಡಿಸ್ತೀರಿ, ಮೂರೇನಾ?" ಎಂದು ಅಜ್ಜಿ ಇನ್ನೊಂದು ಹಾಕಿಸಿದರು. ಬೆಲ್ಲದ ಕಪ್ಪು ಕಾಫಿ ಸೇರಿ 170 ರೂಪಾಯಿ. ಹಂದಿ ಬೇಡದವರಿಗೆ ಕೋಳಿ ಇತ್ತು, ಅಕ್ಕಿ ರೊಟ್ಟಿಯೂ ಇತ್ತು. ಮಧ್ಯಾಹ್ನ ಎರಡರೊಳಗೆ ಹೋಗಿ, ಆಮೇಲೆ ಪಾತ್ರೆ ಖಾಲಿ. ಈ ಪ್ರವಾಸದಲ್ಲಿ ಮತ್ತೆ ಹೋಗಲೇಬೇಕು ಅನಿಸಿದ ಜಾಗ ಇದೊಂದೇ.

ವಾಪಸ್ ಗೋಣಿಕೊಪ್ಪ, ತಿತಿಮತಿ, ಹುಣಸೂರು ದಾರಿ ಹಿಡಿದೆ. ತಿತಿಮತಿಯಿಂದ ಮುಂದೆ ಕಾಡು, ಆನೆ ಓಡಾಡುವ ಜಾಗ. ಅಲ್ಲಿ ಇಳಿದು ಬೋಲ್ಟ್ ಬಿಗಿಯುತ್ತಾ ಕೂರಬೇಡಿ. ಗೋಣಿಕೊಪ್ಪದಲ್ಲೇ ನಿಲ್ಲಿಸಿ ಎಲ್ಲವನ್ನೂ ಒಮ್ಮೆ ನೋಡಿಕೊಳ್ಳಿ. 13ರ ಸ್ಪ್ಯಾನರ್, 6ರ ಅಲೆನ್ ಕೀ, ನಾಲ್ಕು ಹೆಚ್ಚುವರಿ ಬೋಲ್ಟ್ ಎಡ ಬಾಕ್ಸಿನಲ್ಲಿ ಮೇಲೆಯೇ ಇರಲಿ. ಬಲಗಡೆಯದು ಸೈಲೆನ್ಸರ್ ಪಕ್ಕ ಇರುವುದರಿಂದ ಬಿಸಿಯಾಗುತ್ತದೆ, ಅಲ್ಲಿ ಮಾತ್ರೆ, ಚಾಕೊಲೇಟ್ ಇಡಬೇಡಿ. ನಾನು ಮನೆಗೆಂದು ತಂದ ಅರ್ಧ ಕೆಜಿ ಚಾಕೊಲೇಟ್ ಒಂದೇ ಗಟ್ಟಿಯಾಗಿ ಮೈಸೂರು ಸೇರಿತು.

ಹುಣಸೂರಿನಲ್ಲಿ ಟೀಗೆ ನಿಂತಾಗ ಬಗ್ಗಿ ನೋಡಿದೆ. ಬಿಳಿ ಗೆರೆ ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಎಡಗಡೆಯ ಇಂಡಿಕೇಟರ್ ಮಾತ್ರ ಕಾಣಲಿಲ್ಲ. ಅದನ್ನು ಕೂರಿಸಿದ್ದೂ ನಾನೇ.