ಭಂಡಾರಕ್ಕೆ ಹತ್ತರ ಕಾಯಿನ್

ಜುಲೈ 23, 2025, ಬುಧವಾರ

ನಾಳೆ ಭೀಮನ ಅಮಾವಾಸ್ಯೆ. ಆಫೀಸಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲೇ ಓನರ್ ಆಂಟಿ ಹಾಜರು. ಒಳಗೆ ಬಂದವರೇ ಬಾಗಿಲು ಮುಂದೆ ಮಾಡಿದರು.

"ಮೇಲಿನ ಹುಡುಗರು ಕಾಯಿನ್ ಮಾಡ್ತಾ ಇದಾರೆ ಕಣಮ್ಮ."

ಏನು ಕಾಯಿನ್, ಏನು ಮಾಡೋದು? ನಾನು ಯಾವುದೋ ಮೊಬೈಲ್ ವ್ಯವಹಾರ ಅಂದುಕೊಂಡೆ. ಅದಲ್ಲವಂತೆ. ನಾಳೆಯ ಪೂಜೆಯಲ್ಲಿ ಒಡೆಯೋ ಭಂಡಾರದ ಕಡುಬಿನೊಳಗೆ ಇಡೋಕೆ ಚಿಲ್ಲರೆ ಇರಲಿಲ್ಲ, ಮೇಲೆ ಹೋಗಿ ಕೇಳಿದ್ದಾರೆ. ಒಬ್ಬ ಹುಡುಗ ಹಾರ್ಲಿಕ್ಸ್ ಡಬ್ಬಿ ತುಂಬಾ ಹತ್ತರ ಕಾಯಿನ್ ತಂದು, "ಎಷ್ಟ್ ಬೇಕೋ ತಗೊಳ್ಳಿ ಆಂಟಿ" ಅಂದನಂತೆ. ಕೆಲಸ ಪೀಣ್ಯದ ಪ್ರೆಸ್ ಶಾಪಿನಲ್ಲಿ. ಬಾಯಿ ಬಿಟ್ಟರೆ ಡೈ, ಪಂಚ್ ಅಂತ ಲೋಹಕ್ಕೆ ಅಚ್ಚೊತ್ತೋ ಮಾತೇ. ಸಾಲದ್ದಕ್ಕೆ ಕಿಟಕಿಗೆ ಪೇಪರ್ ಅಂಟಿಸಿದ್ದಾರೆ. ನೈಟ್ ಶಿಫ್ಟ್ ಮಾಡೋರು ಹಗಲು ಮಲಗಬೇಡವಾ?

ಆಂಟಿ ಸೆರಗಿನ ಗಂಟು ಬಿಚ್ಚಿ ಎರಡು ಕಾಯಿನ್ ನನ್ನ ಟೇಬಲ್ ಮೇಲಿಟ್ಟರು. ಒಂದರಲ್ಲಿ ರೂಪಾಯಿ ಚಿಹ್ನೆ, ಮೇಲೆ ಹತ್ತು ಗೆರೆ. ಇನ್ನೊಂದರಲ್ಲಿ ಚಿಹ್ನೆಯೇ ಇಲ್ಲ, ಗೆರೆ ಹದಿನೈದು. ಇಸವಿ ಕೆಳಗೆ ಒಂದಕ್ಕೆ ಪುಟ್ಟ ನಕ್ಷತ್ರ, ಇನ್ನೊಂದಕ್ಕೆ ಏನೂ ಇಲ್ಲ. "ನೋಡು, ಗುರುತು ಹಾಕೋದೇ ಮರೆತಿದಾರೆ!"

ಎರಡೂ ಅಸಲಿ ಅಂದೆ. ನಕ್ಷತ್ರ ಇದ್ದರೆ ಹೈದರಾಬಾದ್ ಟಂಕಸಾಲೆ, ವಜ್ರದ ಆಕಾರ ಇದ್ದರೆ ಮುಂಬೈ, ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ರೂಪಾಯಿ ಚಿಹ್ನೆ ಕಾಯಿನ್ ಮೇಲೆ ಬಂದಿದ್ದೇ 2011ರಿಂದ. 2018ರವರೆಗೇ ಹತ್ತರ ಕಾಯಿನ್ 14 ಡಿಸೈನ್‌ನಲ್ಲಿ ಬಂದಿದೆ, ಎಲ್ಲವೂ ಚಲಾವಣೆಯಲ್ಲಿವೆ ಅಂತ ಆ ವರ್ಷವೇ ರಿಸರ್ವ್ ಬ್ಯಾಂಕ್ ಹೇಳಿದೆ.

"ಹದಿನಾಲ್ಕಾ? ಒಂದೇ ಸರ್ಕಾರ, ಒಂದೇ ಹತ್ತು ರೂಪಾಯಿ, ಹದಿನಾಲ್ಕು ತರ ಯಾಕಮ್ಮ ಬೇಕು?"

ನ್ಯಾಯವಾದ ಪ್ರಶ್ನೆ. ನನ್ನ ಹತ್ರ ಉತ್ತರ ಇರಲಿಲ್ಲ.

ನಕಲಿ ಮಾಡೋರು ಇಲ್ಲ ಅಂತಲ್ಲ. 2016ರಲ್ಲಿ ದೆಹಲಿಯ ಬವಾನಾದಲ್ಲಿ ಇಂಥ ಕಾರ್ಖಾನೆಯನ್ನೇ ಪೊಲೀಸರು ಹಿಡಿದಿದ್ದರು. ಆದರೆ ಅದು ಕಾರ್ಖಾನೆ. ಹತ್ತರ ಕಾಯಿನ್‌ಗೆ ಹೊರಗಿನ ಬಳೆ ಬೇರೆ, ಒಳಗಿನ ಬಿಲ್ಲೆ ಬೇರೆ. ಎರಡನ್ನೂ ಕೂಡಿಸಿ ಅಚ್ಚೊತ್ತೋಕೆ ದೊಡ್ಡ ಪ್ರೆಸ್ಸೇ ಬೇಕು. ಮೇಲಿನವರು ಮಿಕ್ಸಿ ಹಾಕಿದರೆ ನನ್ನ ಶೆಲ್ಫಿನ ಪಾತ್ರೆ ಅಲುಗಾಡುತ್ತೆ. ಪ್ರೆಸ್ ಇಟ್ಟಿದ್ದರೆ ಆಂಟಿಯ ಮನೆ ಇಷ್ಟೊತ್ತಿಗೆ ನೆಲಕ್ಕೆ ಬಂದಿರುತ್ತಿತ್ತು. ಇದನ್ನು ಹೇಳಿದೆ. ನಗಲಿಲ್ಲ.

ಅಸಲಿ ವಿಷಯ ಇಷ್ಟೇ. ನಮ್ಮ ಲಗ್ಗೆರೆಯಲ್ಲಿ ಹತ್ತರ ಕಾಯಿನ್ ಕೊಟ್ಟರೆ ಅಂಗಡಿಯವರು ಮೂತಿ ತಿರುಗಿಸುತ್ತಾರೆ, ನೋಟು ಕೊಡಿ ಅಂತಾರೆ. ಕೈಗೆ ಬಂದಿದ್ದು ಖರ್ಚಾಗದೆ ಡಬ್ಬಿ ಸೇರುತ್ತೆ. "ಎಲ್ಲರ ಮನೇಲೂ ಇರುತ್ತೆ ಆಂಟಿ, ನನ್ನ ಹತ್ರಾನೂ ಒಂದು ಡಬ್ಬಿ ಇದೆ" ಅಂದುಬಿಟ್ಟೆ.

"ನಿನ್ನ ಹತ್ರಾನೂ ಇದೆಯಾ?"

ಆ ಪ್ರಶ್ನೆ ಕೇಳಿದ ರೀತಿ! ಕಣ್ಣು ಅಡುಗೆಮನೆ ಕಡೆ ಹೋಯಿತು, ಆಮೇಲೆ ಬೀಗ ಹಾಕಿದ್ದ ನನ್ನ ಟ್ರಂಕಿನ ಕಡೆ. ಇಷ್ಟು ವರ್ಷ ಬಾಡಿಗೆ ತಪ್ಪಿಸಿಲ್ಲ, ಯುಗಾದಿಗೆ ಹೋಳಿಗೆ ಕೊಟ್ಟಿದ್ದೀನಿ. ಒಂದು ಡಬ್ಬಿ ಚಿಲ್ಲರೆಗೆ ನಾನೂ ಆ ಲಿಸ್ಟಿಗೆ ಸೇರಿದೆನಾ? ಹುಡುಗರು ಬ್ಯಾಚುಲರ್‌ಗಳು, ಬಳ್ಳಾರಿ ಕಡೆಯವರು. ಫ್ಯಾಮಿಲಿ ಕೊಡೋದಕ್ಕಿಂತ ಜಾಸ್ತಿ ಬಾಡಿಗೆ ಸಿಗುತ್ತೆ ಅಂತ ತಾನೇ ಮನೆ ಕೊಟ್ಟಿದ್ದು? ದುಡ್ಡು ಬೇಕು, ಜನ ಬೇಡ. ಸಿಟ್ಟು ಬಂತು. ಹೊರಡುವಾಗ "ಐದರ ಕಾಯಿನ್ ಇದ್ರೆ ಎರಡು ಕೊಡು, ದೇವರ ಕಾರ್ಯ" ಅಂದರು. ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿಕೊಂಡು ಹೋದರು.

ಊಟ ಸೇರಲಿಲ್ಲ. ನಾಳೆ ಭಂಡಾರ ಒಡೆಯೋಕೆ ಅವರ ತಮ್ಮ ಬರುತ್ತಾರೆ. ಆ ಮನುಷ್ಯನಿಗೆ ಸ್ಟೇಷನ್‌ನಲ್ಲಿ ಎಲ್ಲರೂ ಗೊತ್ತಂತೆ. ಬಿಎನ್‌ಎಸ್, ಅಂದರೆ ಭಾರತೀಯ ನ್ಯಾಯ ಸಂಹಿತೆಯ 178ನೇ ಸೆಕ್ಷನ್ ತೆಗೆದು ನೋಡಿದೆ, ಖೋಟಾ ನಾಣ್ಯಕ್ಕೆ ಜೀವಾವಧಿವರೆಗೂ ಶಿಕ್ಷೆ ಇದೆ. ಸುಮ್ನೆ ಬಾಯಿಗೆ ಬಂದಂತೆ ಆಡೋ ಮಾತಾ ಇದು? ಹುಡುಗರಿಗೆ ಈಗಲೇ ಹೇಳಿ ಎಚ್ಚರಿಸಿದರೆ ನಾನೂ ಅವರ ಪಾರ್ಟಿ ಅನ್ನುತ್ತಾರೆ. ಹೇಳದೆ ಇದ್ದು ನಾಳೆ ಏನಾದರೂ ಆದರೆ... ಮೇಲೆ ಯಾರೋ ಬೀಗ ಹಾಕಿದ ಸದ್ದು. ನೈಟ್ ಶಿಫ್ಟಿಗೆ ಹೊರಟರು ಅನ್ಸುತ್ತೆ, ಮೆಟ್ಟಿಲ ಹತ್ರ ನಿಲ್ಲಿಸಿ